ಹಸಿರು ಪರದೆಯ ಮುಂದೆ ಹಸಿರು ಬಳೆ

ಮದುವೆಯ ವಿಡಿಯೋಗಳನ್ನು ಮಿಕ್ಸಿಂಗ್ ಮಾಡುವುದು ನನ್ನ ಕೆಲಸವಾಗಿತ್ತು. ಗೋಕಾಕದಲ್ಲಿ ನಮ್ಮ ಯಜಮಾನರದು ಫೋಟೋ ಸ್ಟುಡಿಯೋ. ಅವರು ಕ್ಯಾಮೆರಾ ಹೊತ್ತು ಊರೂರು ತಿರುಗಿ ಬರುತ್ತಿದ್ದರು. ನಾನು ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುಮಕ್ಕಳನ್ನು ಗುಲಾಬಿಯೊಳಗೆ, ಹೃದಯದೊಳಗೆ, ಒಮ್ಮೊಮ್ಮೆ ಬೀಗರ ಒತ್ತಾಯಕ್ಕೆ ಯಾವುದೋ ದೇಶದ ಹಿಮದ ಬೆಟ್ಟದ ಮೇಲೆ ನಿಲ್ಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದ ಕಾಲ. ಇಂಥ ಒಂದು ಮದುವೆಯ ವಿಡಿಯೋ ನೋಡಿ ಮೂಡಲಗಿಯಿಂದ ಒಬ್ಬ ಮಾಸ್ತರರು ನಮ್ಮಲ್ಲಿಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಜೈನರ ಮನೆಯವರು. ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು ಕೇಳಿದರು:

“ತಂಗೀ, ಮಂದೀನ ಹಿಮದ ಮ್ಯಾಲ ನಿಂದರಸ್ತೀಯಲ್ಲಾ, ನೀರಿನ ಮ್ಯಾಲ ನಡಸಾಕ ಆಕ್ಕೈತೇನು?”

ಅವರು ಒಂದು ಸಿನಿಮಾ ಮಾಡಬೇಕೆಂದಿದ್ದರು. ಥಿಯೇಟರಿಗಲ್ಲ, ಕೇಬಲ್ಲಿನಲ್ಲಿ ತೋರಿಸಲು, ಒಂದು ತಾಸಿನದು. ಹಿಡಕಲ್ ಡ್ಯಾಮಿನ ನೀರಿನ ತಳದಲ್ಲಿ ಕಾಲ ನಿಂತುಹೋಗಿದೆ ಎಂಬುದು ಕಥೆ. ಬೇಸಿಗೆಯಲ್ಲಿ ನೀರು ಇಳಿದಾಗ, ಮುಳುಗಿದ ಊರಿನ ಹೆಂಗಸೊಬ್ಬಳು ಹೋದಾಗಿನ ವಯಸ್ಸಿನಲ್ಲೇ ಮೇಲೆ ಬಂದು, ನೀರಿನ ಮೇಲೆ ನಡೆಯುತ್ತ ದಂಡೆಗೆ ಬರುತ್ತಾಳೆ. ಕಾಲ ಹೇಗೆ ನಿಲ್ಲುತ್ತದೆ ಎಂಬುದನ್ನು ಮಾಸ್ತರರು ನಮ್ಮ ಬಿಲ್ ಪುಸ್ತಕದ ಹಿಂಬದಿಗೆ ಚಿತ್ರ ಬರೆದು ವಿವರಿಸಿದರು. ನಮಗಿಬ್ಬರಿಗೂ ತಿಳಿಯಲಿಲ್ಲ. ನೀರಿನ ಮೇಲೆ ನಡೆಯುವ ಹೆಂಗಸು ಮಾತ್ರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಳು.

ಮೊದಲು ಕಂಪ್ಯೂಟರಿಲ್ಲದೆಯೇ ಮಾಡಿ ನೋಡೋಣವೆಂದು ಹುಕ್ಕೇರಿ ಕಡೆಯ ದಂಡೆಗೆ ಹೋದೆವು. ನೀರು ಬಹಳ ದೂರ ಸರಿದಿತ್ತು. ಬಿರಿದ ಕೆಸರಿನಲ್ಲಿ ಮನೆಗಳ ಬುನಾದಿಯ ಕಲ್ಲುಗಳು ಸಾಲಾಗಿ ಎದ್ದಿದ್ದವು. ಒಂದು ಕಡೆ ಬೀಸುವ ಕಲ್ಲು, ಯಾರೋ ಈಗಷ್ಟೇ ಕೈಬಿಟ್ಟು ಒಳಗೆ ಹೋದ ಹಾಗೆ. ಮಾಸ್ತರರ ಉಪಾಯವೆಂದರೆ, ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ ಬೆಂಚು ಹಾಕಿ ಅದರ ಮೇಲೆ ನಡೆಸುವುದು. ಮೀನು ಹಿಡಿಯುವವನೊಬ್ಬ ದೂರದಿಂದಲೇ ಕೂಗಿದ:

“ಅಲ್ಲಿ ಬ್ಯಾಡ್ರೀ! ರಾಡಿ ಐತಿ, ತಳಾ ಇಲ್ಲ.”

ಅಷ್ಟರಲ್ಲಿ ಬೆಂಚು ಇಟ್ಟಾಗಿತ್ತು. ನಾವು ನೋಡುತ್ತಿದ್ದಂತೆ ಅದು ಇಳಿಯತೊಡಗಿತು. ಸದ್ದಿಲ್ಲ, ಅವಸರವಿಲ್ಲ. ಕೊನೆಗೆ ಒಂದು ಮೂಲೆ ಮಾತ್ರ ಉಳಿದು, ಅದೂ ಹೋಗಿ, ಒಂದೆರಡು ಗುಳ್ಳೆ ಬಂದವು. ಮಾಸ್ತರರು ದಂಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ಸಾಕು,” ಎಂದರು. “ಇಲ್ಲಿ ಯಾರ ಕಾಲೂ ಇಡಸೂದು ಬ್ಯಾಡ.”

ಆ ದಿನ ನಮ್ಮವರು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಅಲುಗದಂತೆ ಇಟ್ಟು ಬರೀ ನೀರನ್ನು ಶೂಟ್ ಮಾಡಿಕೊಂಡರು. ಮನುಷ್ಯರಿಲ್ಲ, ಹಕ್ಕಿಯಿಲ್ಲ. ಮನೆಗೆ ಬಂದು ಆ ಕ್ಯಾಸೆಟ್ ಹಾಕಿ ನೋಡುವಾಗ, ಯಾರೋ ಬರುವವರಿದ್ದಾರೆ, ನಾವು ಕಾಯುತ್ತಿದ್ದೇವೆ ಅನ್ನಿಸಿ ನನಗೆ ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಇನ್ನು ಉಳಿದದ್ದು ಕಂಪ್ಯೂಟರು. ಕೊಲ್ಲಾಪುರದಿಂದ ಮಾಸ್ತರರು ಎರಡು ಸಿ.ಡಿ. ತಂದಿದ್ದರು. ಒಂದರಲ್ಲಿ ಇಲ್ಲದ ವಸ್ತುವನ್ನೇ ಹುಟ್ಟಿಸುವ ಸಾಫ್ಟ್‌ವೇರು. ಅದರಲ್ಲಿ, ಕಥೆಯಲ್ಲಿದ್ದ ಆಕಾಶದ ವಾಹನವೊಂದನ್ನು ಮಾಡಿ ನಾಲ್ಕು ಸೆಕೆಂಡು ಹಾರಿಸಲು ಯಂತ್ರ ಇಡೀ ದಿನ ಗುರುಗುಟ್ಟಿತು, ನಡುವೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಶುರು. ಕೊನೆಗೆ ಬಂದದ್ದು ನೋಡಿದರೆ ಅನ್ನದ ಡಬರಿಯ ಮುಚ್ಚಳ. ಇಂಥ ಯಂತ್ರದಲ್ಲಿ ಹೆಂಗಸನ್ನು ಹುಟ್ಟಿಸುವುದು ಆಗದ ಮಾತು. ವಾಹನವನ್ನು ಗೋಕಾಕದ ಬೊಂಬೆ ಮಾಡುವವರ ಕಡೆ ಕಟ್ಟಿಗೆಯಲ್ಲೇ ಮಾಡಿಸಿ, ದಾರ ಕಟ್ಟಿ ಹಾರಿಸಿದೆವು.

ಎರಡನೆಯ ಸಾಫ್ಟ್‌ವೇರು ಚಿತ್ರದ ಮೇಲೆ ಚಿತ್ರ ಪದರ ಪದರವಾಗಿ ಇಡುವಂಥದು. ಒಂದೇ ಬಣ್ಣದ ಪರದೆಯ ಮುಂದೆ ಮನುಷ್ಯರನ್ನು ನಿಲ್ಲಿಸಿ ಶೂಟ್ ಮಾಡಿದರೆ, ಅದು ಆ ಬಣ್ಣವನ್ನಷ್ಟೇ ತಿಂದುಹಾಕುತ್ತದೆ, ಅಲ್ಲಿ ನಮಗೆ ಬೇಕಾದುದನ್ನು ಕಾಣಿಸುತ್ತದೆ. ಮದುವೆಯ ಹಿಮ ಬಂದದ್ದು ಹಾಗೆಯೇ. ನೀಲಿ ಪರದೆಯೋ ಹಸಿರೋ ಎಂದು ವಾದವಾಯಿತು. ನೀಲಿ ಇಟ್ಟರೆ ನಮ್ಮ ಕ್ಯಾಮೆರಾದಲ್ಲಿ ಅಂಚುಗಳು ಕಿತ್ತುಹೋದ ಹಾಗೆ ಬರುತ್ತಿದ್ದವು. ಹಸಿರು ಶುದ್ಧವಾಗಿ ಬರುತ್ತಿತ್ತು. ಮಾಸ್ತರರ ಕಾಕಾನ ಬಟ್ಟೆ ಅಂಗಡಿಯಲ್ಲಿ ಹಸಿರು ಬಟ್ಟೆಗೆ ಬರವಿರಲಿಲ್ಲ, ನಮ್ಮ ಕಡೆ ಮುತ್ತೈದೆಯರಿಗೆ ಅದೇ ಬೇಕಲ್ಲ. ಹಸಿರೇ ಆಯಿತು.

ಹೆಂಗಸಿನ ಪಾತ್ರಕ್ಕೆ ಕುಲಗೋಡದ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರು ಒಪ್ಪಿದ್ದರು. ಊರಿನ ನಾಟಕಗಳಲ್ಲಿ ಪಾತ್ರ ಮಾಡಿ ರೂಢಿಯಿದ್ದವರು. ಮಾತು ಕಡಿಮೆ. ಅವರ ಗಂಡ ಲಾರಿ ಡ್ರೈವರ್. ಗುಜರಾತದ ಕಡೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ, ಲಾರಿಯೂ ಬರಲಿಲ್ಲ, ಸುದ್ದಿಯೂ ಇಲ್ಲ. ಹಾಗಾಗಿ ಏಳೆಂಟು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆ ಎಲ್ಲಿಗಾದರೂ ಸೊಸೆಯ ಜೊತೆಗೇ ಬರುತ್ತಿದ್ದರು.

ಮೂಡಲಗಿಯ ಆ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ ಹಸಿರು ಬಟ್ಟೆಯನ್ನು ಗೋಡೆಗೂ ನೆಲಕ್ಕೂ ಸೇರಿಸಿ ಹಾಸಿದೆವು. ಅಕ್ಕೋರು ಕೆಂಪು ಸೀರೆ ಉಟ್ಟು ಬಂದರು. ಮಾಸ್ತರರ ಕಣ್ಣು ಅವರ ಕೈಗೆ ಹೋಯಿತು. ಎರಡೂ ಕೈಗೆ ಹಸಿರು ಗಾಜಿನ ಬಳೆ.

“ಅಕ್ಕೋರ, ಬಳಿ ಅಷ್ಟ ತಗದು ಇಡ್ತೀರೇನು? ಪರದೇದ ಬಣ್ಣಾನ ಐತಿ.”

ಅಕ್ಕೋರು ಏನೂ ಹೇಳುವ ಮೊದಲೇ, ಕೊಡೆ ಹಿಡಿದು ಮೂಲೆಯಲ್ಲಿ ಕೂತಿದ್ದ ಅತ್ತೆ ಹೇಳಿದರು: “ಮುತ್ತೈದಿ ಕೈ ಬರಿದು ಮಾಡಬಾರದ್ರಿ ಮಾಸ್ತರ. ನನ್ನ ಮಗ ಗಾಡಿ ಮ್ಯಾಲ ಹೋಗ್ಯಾನ. ಬರ್ತಾನ.”

ನಿನ್ನೆ ಹೋದವನ ಸುದ್ದಿಯಂತೆ ಹೇಳಿದರು. ಸೆರಗಿನಿಂದ ಕೈ ಮುಚ್ಚಿಕೊಂಡು ನಡೆಯುವುದೆಂದಾಯಿತು. ಅಕ್ಕೋರು ನಡೆದರು. ತಳವಿಲ್ಲದ ಕಡೆ ತಳ ಹುಡುಕುವವರಂತೆ ಒಂದೊಂದೇ ಹೆಜ್ಜೆ ಇಟ್ಟು ನಡೆದರು. ಆ ನಡಿಗೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಸೆರಗು ಜಾರಿತು. ಆದರೆ ಆ ನಡಿಗೆ ನೋಡಿದ ಮೇಲೆ ಇನ್ನೊಮ್ಮೆ ನಡೆಯಿರಿ ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ನಾನೊಬ್ಬಳೇ ಕೂತು, ಡ್ಯಾಮಿನ ಖಾಲಿ ನೀರನ್ನು ಕೆಳಗಿಟ್ಟು, ಅಕ್ಕೋರನ್ನು ಮೇಲಿಟ್ಟು, ಹಸಿರನ್ನು ತೆಗೆದೆ. ಹೊರಗೆ ಬೀದಿಯೆಲ್ಲ ಮಲಗಿತ್ತು. ಅಕ್ಕೋರು ನೀರಿನ ಮೇಲೆ ನಡೆದು ಬಂದರು. ನನಗೆ ಖುಷಿಯಾಗಿ ನಮ್ಮವರನ್ನು ಕೂಗಬೇಕೆಂದಿದ್ದೆ. ಅಷ್ಟರಲ್ಲಿ ಸೆರಗು ಜಾರಿತು.

ಬಳೆ ಇದ್ದ ಕಡೆ ಏನೂ ಇರಲಿಲ್ಲ. ತೋಳು ಮುಗಿದು, ನಡುವೆ ಅಂಗೈಯಗಲ ನೀರು, ಆಮೇಲೆ ಹಸ್ತ. ಎರಡು ಹಸ್ತಗಳು ತೋಳಿಗೆ ಅಂಟದೆ ಗಾಳಿಯಲ್ಲಿ ತೇಲುತ್ತ ಅವರ ಜೊತೆ ಬರುತ್ತಿದ್ದವು. ಆ ಸಂದಿಯಲ್ಲಿ ತೆರೆಗಳು ಹರಿಯುತ್ತಿದ್ದವು. ಬೆರಳುಗಳು ಮಾತ್ರ ಜೀವಂತವಾಗಿ ಆಗಾಗ ಮಡಚಿ ಬಿಚ್ಚುತ್ತಿದ್ದವು. ನಾನು ಕಂಪ್ಯೂಟರ್ ಆರಿಸಿ ಅಂಗಳಕ್ಕೆ ಬಂದು ಬಿಸಿಲಲ್ಲಿ ನಿಂತೆ.

ಸರಿಪಡಿಸಲು ಎರಡು ದಾರಿಗಳಿದ್ದವು. ವಿಡಿಯೋದ ಒಂದೊಂದೇ ಚಿತ್ರವನ್ನು ನಿಲ್ಲಿಸಿ, ಬಳೆಯ ಸುತ್ತ ಗೆರೆ ಕೊರೆದು, ಅಷ್ಟು ಭಾಗದ ಹಸಿರನ್ನು ತಿನ್ನದ ಹಾಗೆ ಬಳೆಯನ್ನು ಮರಳಿ ತರುವುದು. ಇಲ್ಲವೇ ಪಕ್ಕದ ತೋಳಿನ ಚರ್ಮವನ್ನೇ ನಕಲು ಮಾಡಿ ಸಂದಿ ಮುಚ್ಚಿಬಿಡುವುದು. ಮೊದಲನೆಯದು ಕಣ್ಣು ಕಳೆಯುವ ಕೆಲಸ. ಎರಡನೆಯದು ಅದಕ್ಕಿಂತ ಹಗುರ, ಆದರೆ ಕೈ ಬರಿದಾಗುತ್ತದೆ. ಒಂದೇ ಚಿತ್ರವನ್ನು ಎರಡೂ ರೀತಿ ಮಾಡಿಟ್ಟೆ. ಬಳೆ ತರುವುದೆಂದೇ ಮನಸ್ಸಿನಲ್ಲಿತ್ತು.

ಸಂತೆಗೆಂದು ಅತ್ತೆ ಸೊಸೆ ಗೋಕಾಕಕ್ಕೆ ಬಂದವರು ಸ್ಟುಡಿಯೋಗೆ ಬಂದರು. ಅತ್ತೆ ಹೊರಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತರು. ಅಕ್ಕೋರು ಒಳಗೆ ಬಂದು, “ತೋರಸ್ರಿ,” ಎಂದರು. ಬೇಡವೆಂದರೂ ಕೇಳಲಿಲ್ಲ. ತೋರಿಸಿದೆ.

“ನಡುವ ಅದೇನ್ರಿ?”

“ನೀರ್ರಿ ಅಕ್ಕೋರ. ಬಳೀನ ಮಶೀನು ತಿಂದೈತಿ. ಸರಿ ಮಾಡ್ತೀನಿ.”

ಅವರು ಹೆದರುತ್ತಾರೆಂದುಕೊಂಡಿದ್ದೆ. ಅವರು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು. ಸರಿಪಡಿಸಿದ ಎರಡೂ ಚಿತ್ರ ತೋರಿಸಿದೆ. ಬಳೆ ಇದ್ದುದನ್ನು ಒಂದು ಕ್ಷಣ ನೋಡಿ, ಇನ್ನೊಂದರ ಮುಂದೆ ಕೂತುಬಿಟ್ಟರು. ಬರಿಗೈ. ಹಿಂದೆ ಬರೀ ನೀರು. ತಮ್ಮ ಎಡಗೈಯ ಬಳೆಗಳ ಮೇಲೆ ಬಲಗೈ ಮುಚ್ಚಿ ಹಿಡಿದುಕೊಂಡು, ಪರದೆಯ ಕೈಯನ್ನೂ ತಮ್ಮ ಕೈಯನ್ನೂ ನೋಡಿದರು.

“ಇಷ್ಟು ವರ್ಷ ಹೆದರಿದ್ದೆರಿ, ಬರೇ ಕೈ ಹೆಂಗ ಕಾಣ್ತೈತೋ ಅಂತ,” ಎಂದರು ಬಹಳ ಮೆಲ್ಲಗೆ. “ಏನೂ ಆಗಿಲ್ಲ ನೋಡ್ರಿ. ಕೈ ಕೈಯಂಗನ ಐತಿ.”

“ಬ್ಯಾಡ್ರಿ ಅಕ್ಕೋರ. ನಾ ಬಳಿನ ತರ್ತೀನಿ. ತಡಾ ಆದ್ರ ಆಗಲಿ.”

“ಇದನ್ನ ಇಡ್ರಿ.”

“ಅತ್ತಿಯವರು ನೋಡಿದ್ರ?”

“ಅವರು ನೋಡ್ಲಿ ಅಂತನ ಹೇಳಾಕತ್ತೇನಿ. ನನ್ನ ಬಾಯಿಲೆ ಹೇಳಾಕ ಆಗೂದಿಲ್ಲ.”

ಹೊರಗಿನಿಂದ ಅತ್ತೆ, “ಬಸ್ಸ ಹೋಗ್ತೈತಿ, ಬಾ ಯವ್ವಾ,” ಎಂದು ಕೂಗಿದರು. ಅಕ್ಕೋರು ಸೆರಗು ಸರಿಪಡಿಸಿಕೊಂಡು ಹೋದರು.

ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದರಲ್ಲೂ ಎರಡು ಕೈ. ಬೇಸಿಗೆಯ ಹಗಲುಗಳೆಲ್ಲ ಅದರಲ್ಲೇ ಹೋದವು. ನಮ್ಮಲ್ಲಿ ಬಳೆ ಒಡೆಯುವುದು ಎಂಥ ಹೊತ್ತಿನಲ್ಲಿ, ಯಾರ ಕೈಯಿಂದ ಎಂದು ಎಲ್ಲರಿಗೂ ಗೊತ್ತು. ನಾನು ಅದನ್ನೇ ಹಗಲೆಲ್ಲ ಒಂದೇ ಹೆಂಗಸಿಗೆ ಮಾಡುತ್ತ ಕೂತಿದ್ದೆ. ಮೌಸ್ ಆಡಿಸುವಾಗ ನನ್ನ ಬಳೆ ಸದ್ದು ಮಾಡಿದರೆ ಸದ್ದು ಪರದೆಯ ಒಳಗಿನಿಂದ ಬಂದಂತಾಗುತ್ತಿತ್ತು. ಕೊನೆಗೆ ಮಣಿಕಟ್ಟಿಗೆ ಕರವಸ್ತ್ರ ಬಿಗಿದುಕೊಂಡು ಕೂರಲು ಶುರುಮಾಡಿದೆ. ಸಂತೆಗೆ ಹೋದರೆ, ಬದನೆಕಾಯಿ ತೂಗುವವಳ ಹಸ್ತ ತೋಳಿನಿಂದ ಬಿಡಿಸಿಕೊಂಡು ತಕ್ಕಡಿಯ ಕಡೆ ಹೋಗುವುದು ಕಾಣುತ್ತಿತ್ತು. ಕಣ್ಣುಜ್ಜಿದರೆ ಸರಿಹೋಗುತ್ತಿತ್ತು. ನಮ್ಮವರು ನಾಲ್ಕು ದಿನ ಕೆಲಸ ನಿಲ್ಲಿಸು ಎಂದರು. ನಿಲ್ಲಿಸಿದರೆ ಮತ್ತೆ ಕೈ ಹಚ್ಚಲಾರೆನೆಂದು ನನಗೆ ಗೊತ್ತಿತ್ತು.

ಕೆಲಸ ಪೂರ್ತಿ ಶುದ್ಧವಾಗಿ ಬರಲಿಲ್ಲ. ನಕಲು ಮಾಡಿದ ಚರ್ಮ ಚಿತ್ರದಿಂದ ಚಿತ್ರಕ್ಕೆ ತುಸು ಬೇರೆಯಾಗಿ, ಓಡಿಸಿದಾಗ ಮಣಿಕಟ್ಟಿನಲ್ಲಿ ಏನೋ ಸಣ್ಣಗೆ ಮಿಡಿಯುತ್ತಿತ್ತು. ಮಾಸ್ತರರು ನೋಡಿ, “ನಾಡಿ ಬಡದಂಗ ಐತಲ್ಲ ತಂಗಿ, ಇರಲಿ,” ಎಂದರು.

ಮೊದಲ ಸಲ ತೋರಿಸಿದ್ದು ಅದೇ ಬಟ್ಟೆ ಅಂಗಡಿಯ ಒಳಮನೆಯಲ್ಲಿ, ಒಂದು ರವಿವಾರ ಮುಂಜಾನೆ. ಕಿಟಕಿಗಳಿಗೆ ಜಮಖಾನೆ ಹಾಕಿ ಕತ್ತಲೆ ಮಾಡಿದ್ದರು. ನಮ್ಮ ಮನೆಯವರು, ಮಾಸ್ತರರ ಮನೆಯವರು, ಅತ್ತೆ, ಸೊಸೆ. ಕಟ್ಟಿಗೆಯ ವಾಹನ ಹಾರಿದಾಗ ದಾರ ಕಂಡು ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಆಮೇಲೆ ನೀರು ಬಂತು. ದೂರದಲ್ಲಿ ಒಂದು ಕೆಂಪು ಚುಕ್ಕೆ. ನಗು ನಿಂತಿತು.

ಸೆರಗು ಜಾರಿದಾಗ ಅತ್ತೆ ಎದ್ದು ಟಿ.ವಿ.ಯ ಹತ್ತಿರ ಹೋದರು. ಅವರ ಕಣ್ಣು ಅಷ್ಟು ಚೆನ್ನಾಗಿರಲಿಲ್ಲ. ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಮಾಸ್ತರರು ಗಾಬರಿಯಲ್ಲಿ ಸಿ.ಡಿ. ನಿಲ್ಲಿಸಿದರು. ಚಿತ್ರ ಹಾಗೇ ನಿಂತಿತು. ಅತ್ತೆ ಗಾಜಿನ ಮೇಲೆ ಬೆರಳಿಟ್ಟು ಆ ಮಣಿಕಟ್ಟನ್ನು ಸವರಿದರು. ತಿರುಗಿ ನೋಡಲಿಲ್ಲ.

“ನೀರಾಗಿಂದ ನೀ ಒಬ್ಬಾಕಿನ ಬಂದೇನು?”

“ಹೂನ್ರಿ ಅತ್ತಿ,” ಎಂದರು ಅಕ್ಕೋರು ಹಿಂದಿನಿಂದ.

“ಹಿಂದ ಯಾರೂ ಇಲ್ಲ?”

“ಯಾರೂ ಇಲ್ರಿ.”

“ಛಂದಂಗ ನೋಡೀಯೇನು?”

“ಭಾಳ ಸಲ ನೋಡೀನ್ರಿ ಅತ್ತಿ.”

ಅತ್ತೆ ಮೆಲ್ಲಗೆ ಬಂದು ತಮ್ಮ ಜಾಗದಲ್ಲಿ ಕೂತರು. ಆಮೇಲೆ ಅವರೇ, “ಮುಂದ ಹಚ್ರಿ ಮಾಸ್ತರ,” ಎಂದರು.

ಸಿನಿಮಾ ಕೇಬಲ್ಲಿನಲ್ಲಿ ಕೆಲವು ಸಲ ಬಂತು. ಹೆಚ್ಚಿನವರಿಗೆ ಕಥೆ ತಿಳಿಯಲಿಲ್ಲ. ನೀರಿನ ಮೇಲೆ ನಡೆದ ಹೆಂಗಸನ್ನು ಮಾತ್ರ ಬಹಳ ದಿನ ನೆನೆದರು. ಮಾಸ್ತರರು ಮತ್ತೊಂದು ಸಿನಿಮಾ ಮಾಡಲಿಲ್ಲ, ಅವರಿಗೆ ವರ್ಗವಾಯಿತು.

ಆ ವರ್ಷ ಪಂಚಮಿಗೆ ಬಳೆಗಾರ ಬಂದಾಗ, ಸೊಸೆ ಮನೆಯೊಳಗೇ ಇದ್ದರೂ, “ಅಕಿ ಬಾಲವಾಡಿಗೆ ಹೋಗ್ಯಾಳ, ಮುಂದ ಹೋಗಪಾ,” ಎಂದು ಅತ್ತೆಯೇ ಕಳಿಸಿಬಿಟ್ಟರಂತೆ. ಹಳೆಯ ಬಳೆಗಳನ್ನು ಯಾರೂ ಒಡೆಯಲಿಲ್ಲ. ಒಂದೊಂದಾಗಿ ತಾವೇ ಒಡೆದುಹೋದವು. ಹೊಸವನ್ನು ತೊಡಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಇದನ್ನೆಲ್ಲ ಅಕ್ಕೋರೇ ದೀಪಾವಳಿಯ ಹೊತ್ತಿಗೆ, ಆ ಸಲ ಒಬ್ಬರೇ ಸ್ಟುಡಿಯೋಗೆ ಬಂದಾಗ ಹೇಳಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾ ಕುಡಿಯುತ್ತ, ಅತ್ತೆಯ ಹಟಕ್ಕೆ ಇಬ್ಬರೂ ಹಿಡಕಲ್‌ಗೆ ಹೋಗಿ ಬಂದದ್ದನ್ನೂ ಹೇಳಿದರು. ಮಳೆಗಾಲ ಮುಗಿದು ಡ್ಯಾಮು ತುಂಬಿತ್ತಂತೆ. ದಂಡೆಯಲ್ಲಿ ಕೂತು ರೊಟ್ಟಿ ಬಿಚ್ಚಿದ್ದಾರೆ. ಅತ್ತೆ ನೀರನ್ನೇ ನೋಡುತ್ತ, “ಎಲ್ಲಿಂದ ನಡದು ಬಂದಿ, ಜಾಗಾ ತೋರಸು,” ಎಂದು ಕೇಳಿದ್ದಾರೆ.

“ಇಲ್ಲಿ ನಾ ಕಾಲ ಇಟ್ಟಿಲ್ರಿ ಅತ್ತಿ, ಮೂಡಲಗ್ಯಾಗ ಮಾಳಗಿ ಮ್ಯಾಲ ನಡದದ್ದು, ನೀವ ಬಾಜೂಕ ಕೊಡಿ ಹಿಡದು ಕುಂತಿದ್ರಲ್ಲ, ಅಂತ ಹೇಳಿದ್ನ್ರಿ,” ಎಂದರು ಅಕ್ಕೋರು. “ಕೇಳವಲ್ರು. ‘ಸುಳ್ಳ ಹೇಳಬ್ಯಾಡ, ನಾ ಕಣ್ಣಾರೆ ನೋಡೀನಿ, ನೀರಾಗಿಂದ ಬಂದಿ,’ ಅಂದ್ರು.”

“ನೀವೇನಂದ್ರಿ?” ಎಂದು ಕೇಳಿದೆ.

“ಕೈ ಮಾಡಿ ಜಾಗಾ ತೋರಿಸಿದ್ನ್ರಿ. ಅಲ್ಲಿ ಅಂತ. ಭಾಳ ಹೊತ್ತ ಅದನ್ನ ನೋಡಿದ್ರು. ಆಮ್ಯಾಲ ರೊಟ್ಟಿ ಉಂಡು, ಬಸ್ ಹತ್ತಿ ಮನಿಗೆ ಬಂದ್ವಿ.”