ಏಡನ್ನಿನಿಂದ ಅಕ್ಕನಿಗೆ ಬರೆದ ಕಾಗದ

“ಪರದೇಶಕ್ಕೆ ಹೋದವನಿಗೆ ಮೊದಲು ನೆನಪಾಗುವುದು ತಾಯಿಯ ಕೈಯಡುಗೆ, ಆಮೇಲೆ ಹಬ್ಬ, ಆಮೇಲೆ ಕನ್ನಡದ ಮಾತು. ಈ ಮೂರೂ ನೆನಪಾಗದವನ ಎದೆ ಕಲ್ಲು.”

ಹೊರದೇಶಗಳಿಂದ ರಜೆಗೆ ಬಂದವರನ್ನು ಸನ್ಮಾನಿಸಲು ಶಿಕಾರಿಪುರದಲ್ಲಿ ಕೂಡಿದ್ದ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಹೀಗೆ ಹೇಳಿದರು. ಮುಂದಿನ ಸಾಲಿನವರು ತಲೆದೂಗಿದರು. ನಾನು ಹಿಂದೆ ಗೋಡೆಗೆ ಒರಗಿ ಕುಳಿತಿದ್ದೆ. ಪಕ್ಕದಲ್ಲಿದ್ದ ನನ್ನದೇ ವಯಸ್ಸಿನ ಒಬ್ಬರು ತಮ್ಮ ಜೊತೆಯವರ ಕಡೆ ಬಾಗಿ, ನನಗೆ ಕೇಳಿಸುವಷ್ಟೇ ದನಿಯಲ್ಲಿ, “ಕಲ್ಲೆದಿ ನೋಡಬೇಕಂದ್ರೆ ದೂರ ಹೋಗಾದ್ ಬ್ಯಾಡ, ಇಲ್ಲೇ ಕುಂತಾರೆ” ಎಂದರು.

ನನಗೆ ಎಂಬತ್ತು ದಾಟಿದೆ. ಐವತ್ತು ವರ್ಷಕ್ಕೂ ಮೀರಿ ಊರು ನನ್ನ ಬಗ್ಗೆ ಒಂದು ಕಥೆಯನ್ನು ಹೇಳಿಕೊಂಡು ಬಂದಿದೆ. ಅಕ್ಕ ಸತ್ತ ಸುದ್ದಿ ತಿಳಿದೂ ನಾನು ಒಂದು ಸಾಲು ಬರೆಯಲಿಲ್ಲವಂತೆ; ಭಾವ ಮರುಮದುವೆಯಾದಾಗ ಮಾತ್ರ ಸಂತೋಷಪಟ್ಟು ಕಾಗದ ಹಾಕಿದೆನಂತೆ. ಭಾಷಣಕಾರರ ಮಾತೂ ತಪ್ಪು, ಊರಿನ ಕಥೆಯೂ ತಪ್ಪು. ನಾನು ಲೋವರ್ ಸೆಕೆಂಡರಿಗೆ ಶಾಲೆ ಬಿಟ್ಟವನು. ಓದಿದ್ದೆಲ್ಲವನ್ನೂ ಒಬ್ಬನೇ ಕುಳಿತು ಓದಿದ್ದರಿಂದಲೋ ಏನೋ, ಹತ್ತು ಜನ ಒಪ್ಪಿದ ಮಾತನ್ನು ಮತ್ತೊಮ್ಮೆ ಕೆದಕಿ ನೋಡುವ ಚಟ ನನಗಿದೆ. ಆ ಚಟ ನನಗೆ ಯಾವ ಸುಖವನ್ನೂ ತಂದುಕೊಟ್ಟಿಲ್ಲ.

ಐವತ್ತಾರನೆಯ ಇಸವಿಯಲ್ಲಿ ನಾನು ಮುಂಬಯಿಯಿಂದ ಹಡಗು ಹತ್ತಿ ಸಮುದ್ರದಾಚೆಯ ಏಡನ್ ಬಂದರಿಗೆ ಹೋದೆ. ಅಲ್ಲಿ ಸಮುದ್ರದ ನೀರನ್ನು ಪಾತಿಗೆ ಹಾಯಿಸಿ ಉಪ್ಪು ಮಾಡುವ ಒಂದು ಕಂಪನಿಯಲ್ಲಿ, ಚೀಲಗಳ ಮೇಲೆ ಹಡಗಿನ ಗುರುತು ಬರೆಸುವ ಗುಮಾಸ್ತನಾಗಿದ್ದೆ. ಮೂರು ವರ್ಷದ ಕರಾರು. ನಡುವೆ ಬಿಟ್ಟು ಬರುವಂತಿರಲಿಲ್ಲ.

ಈಗ ಊಟದ ವಿಚಾರ. ಏಡನ್ನಿನ ಪೇಟೆಯಲ್ಲಿ ಜೋಳ ಸಿಗುತ್ತಿತ್ತು. ಅಲ್ಲಿಯ ಜನ ತಿನ್ನುವುದೇ ಜೋಳ. ನಮ್ಮ ಮೆಸ್ಸಿನಲ್ಲಿ ಹುಬ್ಬಳ್ಳಿ ಕಡೆಯ ಅಡುಗೆಯವನಿದ್ದ. ನಮ್ಮೂರಿನಲ್ಲಿ ತಿಂದದ್ದಕ್ಕಿಂತ ತೆಳುವಾದ ರೊಟ್ಟಿಯನ್ನು ನಾನು ಅಲ್ಲಿ ತಿಂದಿದ್ದೇನೆ. ಅವನೂ ನಾನೂ ಕನ್ನಡದಲ್ಲೇ ಜಗಳವಾಡುತ್ತಿದ್ದೆವು. ಹಬ್ಬದ ದಿನ ಹೋಳಿಗೆಯೂ ಆಗುತ್ತಿತ್ತು. ತಾಯಿಯ ಕೈಯಡುಗೆಯೆಂದರೆ, ನನ್ನ ತಾಯಿ ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡಿದ್ದಳು. ಬೇಯಿಸಿ ಹಾಕಿದವಳು, ತಲೆಗೆ ಎಣ್ಣೆ ಒತ್ತಿದವಳು, ಮಗ್ಗಿ ತಪ್ಪಿದರೆ ಸೌಟಿನ ಹಿಡಿಯಿಂದ ಕುಟ್ಟಿದವಳು, ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ. ಅವಳನ್ನು ಸೊರಬ ತಾಲೂಕಿನಲ್ಲಿ, ಕ್ಯಾಸನೂರು ಕಾಡಿನ ಅಂಚಿನ ಒಂದು ಹಳ್ಳಿಗೆ ಕೊಟ್ಟಿತ್ತು.

ಏಡನ್ನಿನಲ್ಲಿ ನನಗೆ ಇಲ್ಲವಾದದ್ದು ಬೇರೆ. ನಮ್ಮ ಕಡೆ ಸಾವಿನ ಸುದ್ದಿ ತರುವವನು ಹೊಸಿಲು ದಾಟುವುದಿಲ್ಲ, ಕೂರುವುದಿಲ್ಲ, ನೀರು ಕೊಟ್ಟರೆ ಕುಡಿಯುವುದಿಲ್ಲ. ಹೊರಗೆ ನಿಂತು ಒಂದು ಸಲ ಕೆಮ್ಮುತ್ತಾನೆ. ಒಳಗಿದ್ದವರು ಬಂದು ಅವನ ಮುಖ ನೋಡುವ ಮೊದಲೇ, ಅವನು ನಿಂತ ರೀತಿಯಿಂದಲೇ ಅರ್ಧ ತಿಳಿದುಹೋಗಿರುತ್ತದೆ. ಹತ್ತು ಹರದಾರಿಯನ್ನು ಬಿಸಿಲಲ್ಲಿ ನಡೆದು ಬಂದವನೂ ಹಾಗೆಯೇ ನಿಂತು, ಹೇಳಿ, ಬಾಯಾರಿಕೊಂಡೇ ಹಿಂತಿರುಗುತ್ತಾನೆ. ಇವರಿಗೆ ನಾನು ಹೇಳಲೇಬೇಕು ಎಂದು ಇನ್ನೊಬ್ಬ ಮನುಷ್ಯನಿಗೆ ಅನ್ನಿಸುವ ಊರಿನಲ್ಲಿ ಇರುವುದು ಎಂಥ ಭದ್ರತೆ ಎಂಬುದು ಊರಿನಲ್ಲಿದ್ದಷ್ಟು ದಿನ ನನಗೆ ಹೊಳೆದಿರಲಿಲ್ಲ. ಏಡನ್ನಿನ ನನ್ನ ಕೋಣೆಯ ಬಾಗಿಲಿಗೆ ಹೊಸಿಲೇ ಇರಲಿಲ್ಲ. ಕೆಳಗಿನ ಸಂದಿಯಿಂದ ಮರಳು ಒಳಗೆ ಬರುತ್ತಿತ್ತು, ಅದನ್ನು ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ.

ಬರುತ್ತಿದ್ದದ್ದು ಅಪ್ಪನ ಕಾಗದ, ತಿಂಗಳಿಗೊಂದು. ಅಕ್ಕನಿಗೆ ಮಗ್ಗಿ ಬಾಯಿಪಾಠವಿದ್ದರೂ ಅಕ್ಷರ ಬಾರದು. ವರ್ಷಕ್ಕೆ ಒಂದೆರಡು ಸಲ ಅವರೂರಿನ ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿ ಹಾಕುತ್ತಿದ್ದಳು. ಆದ್ದರಿಂದ ಅವಳ ಕಾಗದ ಬಹಳ ದಿನ ಬಾರದಿದ್ದರೆ ಅದನ್ನು ನಾನು ವಿಶೇಷವೆಂದು ಭಾವಿಸುತ್ತಿರಲಿಲ್ಲ.

ಐವತ್ತೇಳರ ಬೇಸಗೆಯಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ಕೊಟ್ಟಿಗೆಗೆ ಹಾಸಲು ತರಗೆಲೆ ತರುತ್ತಿದ್ದ ಹೆಂಗಸರಲ್ಲಿ ನನ್ನ ಅಕ್ಕನೂ ಒಬ್ಬಳು. ಮೂಗಿನಿಂದ ರಕ್ತ ಬಂದು, ಒಂಬತ್ತನೆಯ ದಿನ ಹೋದಳು. ಇದನ್ನು ನಾನು ಇಂದು ಒಂದು ವಾಕ್ಯದಲ್ಲಿ ಬರೆಯುತ್ತಿದ್ದೇನೆ. ಅಂದು ನನಗೆ ಒಂದಕ್ಷರವೂ ತಿಳಿಯಲಿಲ್ಲ.

ಮರುವರ್ಷ ಮಾಘದ ಹೊತ್ತಿಗೆ ಅಪ್ಪನಿಂದ ಮೂಲೆಗಳಿಗೆ ಅರಿಶಿನ ಹಚ್ಚಿದ ಕಾಗದ ಬಂತು. “ಭಾವನ ಮನೆಯಲ್ಲಿ ಮದುವೆಯ ಕಾರ್ಯ ಸುಸೂತ್ರವಾಗಿ ಮುಗಿಯಿತು. ಮನೆಗೆ ಹೊಸ ಸೊಸೆ ಬಂದಳು” ಎಂದಿತ್ತು. ಭಾವನಿಗೆ ಮದುವೆಯ ವಯಸ್ಸಿಗೆ ಬಂದ ತಮ್ಮನೊಬ್ಬನಿದ್ದ. ಅವನದೇ ಮದುವೆಯೆಂದು ತಿಳಿದೆ. ಬೇರೆ ತಿಳಿಯಲು ಕಾರಣವೇನಿತ್ತು? ಅಂದೇ ಅಕ್ಕನಿಗೆ ಒಂದು ಕಾಗದ ಬರೆದೆ. ಹೆಂಗಸರ ಹೆಸರಿಗೆ ಕಾಗದ ಹಾಕುವ ರೂಢಿ ಆಗ ಇರಲಿಲ್ಲ, ಮೇಲೆ ಭಾವನ ಹೆಸರನ್ನೇ ಬರೆದೆ. ಒಳಗೆ ಬರೆದದ್ದು ನನಗೆ ಇಂದಿಗೂ ಬಾಯಿಪಾಠ:

“ಅಕ್ಕನ ಪಾದಗಳಿಗೆ ತಮ್ಮನ ಶರಣಾರ್ಥಿ. ಮನೆಗೆ ಹೊಸ ಹುಡುಗಿ ಬಂದಳೆಂದು ತಿಳಿದು ಬಹಳ ಸಂತೋಷವಾಯಿತು. ಇಷ್ಟು ದಿನ ಆ ಮನೆಯಲ್ಲಿ ದುಡಿದದ್ದು ಸಾಕು, ಇನ್ನು ಅವಳು ನೋಡಿಕೊಳ್ಳಲಿ. ಆದರೆ ಅವಳನ್ನು ಯಾರೂ ಗದರಬಾರದು. ತವರು ಬಿಟ್ಟು ಬಂದವಳಿಗೆ ಮೊದಲ ವರ್ಷ ಗೋಡೆಯೂ ಪರಕೀಯವಾಗಿ ಕಾಣುತ್ತದೆ. ಇದನ್ನು ನಾನು ಇಲ್ಲಿದ್ದು ಕಲಿತೆ.”

ಉತ್ತರ ಬರಲಿಲ್ಲ.

ಐವತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಕರಾರು ಮುಗಿಸಿಕೊಂಡು ಬಂದೆ. ಹರಿಹರದಲ್ಲಿ ರೈಲಿಳಿದು, ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಶಿಕಾರಿಪುರ ಮುಟ್ಟಿದೆ. ಟ್ರಂಕನ್ನು ಬಸ್ಸಿನ ಮೇಲಿನಿಂದ ಇಳಿಸುತ್ತಿದ್ದರು. ಎದುರಿನ ಚಹಾದ ಅಂಗಡಿಯ ಬೆಂಚಿನಲ್ಲಿ ಅಪ್ಪನ ಪರಿಚಯದ ಒಬ್ಬ ಬಟ್ಟೆ ವ್ಯಾಪಾರಿ ಇನ್ನಿಬ್ಬರೊಡನೆ ಕುಳಿತಿದ್ದರು.

“ಓಹೋ, ಏಡನ್ ಸಾಹೇಬ್ರು ಬಂದ್ರು” ಎಂದರು ವ್ಯಾಪಾರಿ. “ಅಕ್ಕನ ಮಣ್ಣಿಗೆ ಬರಾಕ್ ಆಗ್ಲಿಲ್ಲ, ಹೋಗ್ಲಿ, ಸಮುದ್ರ ಅಡ್ಡ ಇತ್ತು. ಭಾವನ ಎರಡ್ನೇ ಲಗ್ನಕ್ಕೆ ಮಾತ್ರ ಭಾಳ ಚಲೋ ಕಾಗ್ದ ಬರ್ದಿದ್ರಂತಲ್ರೀ.”

“ಯಾರ ಅಕ್ಕ?” ಎಂದೆ.

“ಕೇಳ್ರಪ್ಪ, ಯಾರ ಅಕ್ಕ ಅಂತಾನೆ.”

ಇಬ್ಬರೂ ನಕ್ಕರು. ಟ್ರಂಕು ನನ್ನ ಕಾಲ ಬಳಿ ಬಂದು ಬಿತ್ತು. ನನ್ನ ಅಕ್ಕನ ಸಾವಿನ ಸುದ್ದಿ ನನಗೆ ಮುಟ್ಟಿದ್ದು ಹೀಗೆ, ನನಗೆ ಮೊದಲೇ ಗೊತ್ತಿದೆಯೆಂದು ನಂಬಿದವರ ಕುಹಕದಿಂದ. ಅವರನ್ನು ದೂರಲಾರೆ. ನನಗೆ ಸುದ್ದಿ ಮುಟ್ಟಿದೆಯೆಂದು ಅವರಿಗೆ ಹೇಳಿದ್ದವರು ನನ್ನ ಅಪ್ಪ.

ಮನೆಗೆ ಬಂದೆ. ಅಪ್ಪ ನನ್ನ ಮುಖ ನೋಡಿದರು. ಕೇಳಬೇಕಾದದ್ದನ್ನು ನಾನು ಕೇಳುವ ಮೊದಲೇ ಅವರು ಮಾತು ತೆಗೆದರು.

“ತಿಳಿಸಿದ್ರೆ ಏನ್ ಮಾಡ್ತಿದ್ದಿ? ಈಜಿ ಬರ್ತಿದ್ದೇನು? ಅಲ್ಲಿ ಒಬ್ನೇ ಕುಂತು ಅತ್ರೆ ನೀರು ಕೊಡಾಕ್ ಯಾರಿದ್ರು ನಿಂಗೆ?”

“ಮಗಂಗೆ ಬರ್ದೀನಿ ಅಂತ ಊರವರಿಗೆ ಯಾಕೆ ಹೇಳಿದ್ರಿ?”

“ದಿನಾ ಕೇಳೋರು, ಮಗಂಗೆ ತಿಳಿಸಿದ್ರೇನ್ರಿ, ಮಗಂಗೆ ತಿಳಿಸಿದ್ರೇನ್ರಿ ಅಂತ. ಹೂಂ ಅಂದೆ. ಒಂದ್ಸಲ ಅಂದ ಮ್ಯಾಲೆ ಮುಗೀತು.” ನನ್ನ ಟ್ರಂಕನ್ನು ಗೋಡೆಯ ಕಡೆಗೆ ಸರಿಸಿಟ್ಟು, “ನಾನಿರೋ ತನ ಅದನ್ನ ಎತ್ತಬ್ಯಾಡ ಮಗಾ” ಎಂದರು.

ಎತ್ತಲಿಲ್ಲ. ಅಪ್ಪ ಮತ್ತೆ ಹದಿನಾಲ್ಕು ವರ್ಷ ಬದುಕಿದರು. ಅವರು ಹೋದ ಮೇಲೆ ಅವರ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಓದಿದೆ. ಆ ಬೇಸಗೆಯವರೆಗೆ ಪ್ರತಿಯೊಂದರಲ್ಲೂ “ಇತ್ತ ಸರ್ವರೂ ಕ್ಷೇಮ” ಎಂದಿದೆ. ಆಮೇಲಿನ ಒಂದರಲ್ಲೂ “ಸರ್ವರೂ” ಎಂಬ ಮಾತಿಲ್ಲ. “ನಾನು ಕ್ಷೇಮ” ಎಂದಿದೆ. ಬಾಯಲ್ಲಿ ಸುಳ್ಳಾಡಿದ ಮನುಷ್ಯ ಕಾಗದದ ಮೇಲೆ ಸುಳ್ಳು ಬರೆಯಲಾರದೆ ಹೋಗಿದ್ದರು. ಮೂವತ್ತು ತಿಂಗಳು ಆ ಕಾಗದಗಳನ್ನು ಕಾದು ಕಾದು ಓದಿದ ನನಗೆ ಅಲ್ಲಿ ಒಂದು ಶಬ್ದ ಬದಲಾದದ್ದು ಕಾಣಲಿಲ್ಲ. ಈ ತಪ್ಪು ಅಪ್ಪನದಲ್ಲ, ನನ್ನದು.

ಆಮೇಲೆ ಕೆಲವರೊಡನೆ ಹೇಳಿಕೊಂಡೆ: ಅಕ್ಕ ಸತ್ತಳೆಂದು ತಿಳಿಸುವ ಅಪ್ಪನ ಕಾಗದ ನನಗೆ ಬಂದೇ ಇರಲಿಲ್ಲ ಎಂದು. “ಬಂದಿರ್ತದೆ, ಓದಿ ಹರಿದು ಹಾಕಿರ್ತಿ” ಎಂದರು. ಅವರ ಮಾತಿನಲ್ಲಿ ತರ್ಕವಿತ್ತು. ಸಾವಿನ ಕಾಗದವನ್ನು ಹೊರಗೇ ನಿಂತು ಓದಿ, ಅಲ್ಲೇ ಹರಿದು ಬಿಸಾಡುವುದು ಪದ್ಧತಿ. ಅಂಥ ಕಾಗದ ಯಾರ ಮನೆಯಲ್ಲೂ ಉಳಿಯುವುದಿಲ್ಲ. ಹಾಗಾಗಿ ಅದು ನನ್ನ ಬಳಿ ಇಲ್ಲದಿರುವುದರಿಂದ ಏನೂ ಸಾಬೀತಾಗುವುದಿಲ್ಲ. ಬೇರೆ ಸಾಕ್ಷಿ ಬೇಕಾಗಿತ್ತು. ನಾನು ಅಕ್ಕನಿಗೆ ಬರೆದ ಕಾಗದವನ್ನು ಭಾವನ ಬಳಿ ಕೇಳಿದೆ. “ಮಾಸ್ತರು ಓದಿದ್ರು, ಆಮೇಲೆ ಎಲ್ಲಿ ಹೋತೋ ಮಾರಾಯ” ಎಂದರು. ಮಾಸ್ತರರಿಗೆ ಎಂದೋ ವರ್ಗವಾಗಿತ್ತು. ವಿಚಾರಿಸಿಕೊಂಡು ಹೋದರೆ ತೀರಿಕೊಂಡಿದ್ದರು. ನಾನು ಸುಮ್ಮನಾದೆ. ಊರು ಸುಮ್ಮನಾಗಲಿಲ್ಲ. ನನ್ನ ಹೆಂಡತಿಯ ತವರಿನವರೂ ಆ ಕಥೆ ಕೇಳಿಯೇ ಹೆಣ್ಣು ಕೊಡಲು ಒಂದು ವರ್ಷ ಹಿಂದೆಮುಂದೆ ನೋಡಿದ್ದರು.

ಭಾವ ತೀರಿಕೊಂಡು ವರ್ಷವಾದ ಮೇಲೆ, ಅವರ ಎರಡನೆಯ ಹೆಂಡತಿ ನಮ್ಮ ಮನೆಗೆ ಬಂದಳು. ನಮ್ಮ ಪದ್ಧತಿಯಂತೆ ಅಕ್ಕನ ಜಾಗಕ್ಕೆ ಬಂದವಳಿಗೆ ನಮ್ಮದೇ ತವರು. ಆದರೆ ಆ ಕಥೆಯ ಮುಜುಗರದಿಂದ ನಾನು ಅವಳೊಡನೆ ಎಂದೂ ನಾಲ್ಕು ಮಾತು ಆಡಿರಲಿಲ್ಲ. ನನಗಿಂತ ಕಿರಿಯಳು. ಒಳಗೆ ಬಂದು ಕುಳಿತು, ಕಾಫಿ ಕುಡಿದು, ಚೀಲದಿಂದ ಬಟ್ಟೆ ಸುತ್ತಿದ ಒಂದು ಕಾಗದ ತೆಗೆದಳು. ಅಂಚೆಕಾಗದದ ನೀಲಿ ಬಣ್ಣ ಬೆಳ್ಳಗಾಗಿತ್ತು. ಅಕ್ಷರ ನನ್ನದು.

“ಇದನ್ನ ನಾನೇ ಅಡಗಿಸಿ ಇಟ್ಕಂಡಿದ್ದೆ ಅಣ್ಣ” ಎಂದಳು. “ಮಾಸ್ತರು ಜಗಲಿ ಮೇಲೆ ಕೂತು ಬಿಡಿಸಿದ್ರು. ಎಲ್ಲರೂ ಕೇಳ್ತಾ ಇದ್ರು. ಬಾಯಿ ತೆಗೆದವ್ರು ಮುಚ್ಚಿದ್ರು, ನನ್ನ ಮುಖ ನೋಡಿದ್ರು. ಆಮೇಲೆ ಮೊದಲ್ನೇ ಸಾಲು ಬಿಟ್ಟು, ಅದರ ಕೆಳಗಿಂದ ಓದಕ್ಕೆ ಹಿಡಿದ್ರು. ಮದುವೆಯಾಗಿ ಇನ್ನೂ ಎರಡು ತಿಂಗ್ಳಾಗಿರ್ಲಿಲ್ಲ. ಹೊಸ ಮದುಮಗಳ ಎದುರಿಗೆ ಸತ್ತವರನ್ನ ಕರೆದು ಬರೆದಿದ್ದನ್ನ ಓದಬಾರ್ದು ಅಂತ ಬಿಟ್ರು ಅನ್ಸತ್ತೆ.”

“ನಿನಗೆ ಯಾವಾಗ ಗೊತ್ತಾಯ್ತು?”

“ನಮ್ಮೂರಲ್ಲಿ ದೊಡ್ಡೋರಿಗೆ ಅಕ್ಷರ ಕಲಿಸಕ್ಕೆ ಶುರು ಮಾಡಿದ್ರಲ್ಲ, ಆಗ. ನಾನು ಮೊದಲು ಓದಿದ್ದು ಇದನ್ನೇ. ಮೇಲಿಂದ ಓದಿದೆ. ನಿಮಗೆ ಗೊತ್ತಿರ್ಲಿಲ್ಲ ಅಂತ ಆವಾಗ್ಲೇ ಗೊತ್ತಾಯ್ತು.”

“ಆಗಲೇ ಯಾಕೆ ಹೇಳಲಿಲ್ಲ ತಂಗಿ?”

ಅವಳು ಲೋಟವನ್ನು ನೆಲದ ಮೇಲೆ ತಿರುಗಿಸುತ್ತಿದ್ದಳು. “ಹೇಳಿದ್ರೆ ಕಾಗ್ದ ಕೊಡಬೇಕಾಗ್ತಿತ್ತು. ಗದರಬಾರ್ದು ಅಂತ ಆ ಮನೇಲಿ ನನ್ನ ಪರವಾಗಿ ಬಂದಿದ್ದು ಇದೊಂದೇ ಮಾತು. ನಂಗೆ ಬರೆದಿದ್ದಲ್ಲ ಅಂತ ಗೊತ್ತು. ಆದ್ರೂ ಇವತ್ತೂ ಕೊಡಲ್ಲ. ನೋಡ್ಕಳಿ ಅಂತ ತಂದೆ.”

ನಾನು ಒಮ್ಮೆ ಕೇಳಿದೆ. ಅವಳು ಕೊಡಲಿಲ್ಲ. ಮತ್ತೆ ಕೇಳಲಿಲ್ಲ.

ಇದರಿಂದ ನನಗೆ ನೆಮ್ಮದಿಯಾಯಿತೆಂದು ಯಾರೂ ತಿಳಿಯಬಾರದು. ಬಸ್ಸಿನ ಬಳಿ ನಕ್ಕವರು ಒಬ್ಬರೂ ಬದುಕಿಲ್ಲ. ಅವರ ಮಕ್ಕಳಿಗೆ ಕಥೆ ಗೊತ್ತು, ಕಾಗದ ಗೊತ್ತಿಲ್ಲ. ನನ್ನ ಪಾಲಿಗೆ ಅಕ್ಕ ಸತ್ತ ದಿನವೆಂಬುದೇ ಇಲ್ಲ. ಆ ದಿನ ನಾನು ಉಪ್ಪಿನ ಚೀಲಗಳ ಮೇಲೆ ಗುರುತು ಬರೆಸುತ್ತಿದ್ದೆ, ಸಂಜೆ ಅಡುಗೆಯವನೊಡನೆ ನಗುತ್ತ ಉಂಡಿದ್ದೆ. ಅವಳಿಗಾಗಿ ಒಬ್ಬ ಮನುಷ್ಯನೂ ನನ್ನ ಬಾಗಿಲ ಹೊರಗೆ ನಿಂತು ಕೆಮ್ಮಲಿಲ್ಲ. ಇನ್ನು ಯಾರೂ ಬರುವುದಿಲ್ಲ. ಪರದೇಶದಲ್ಲಿ ನಾನು ಕಳೆದುಕೊಂಡದ್ದು ಇದು, ಊರಿಗೆ ಬಂದ ಮೇಲೂ ಅದು ಸಿಗಲಿಲ್ಲ. ರೊಟ್ಟಿಯ ಮಾತನ್ನು ಭಾಷಣಕಾರರೇ ಇಟ್ಟುಕೊಳ್ಳಲಿ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಆ ತಂಗಿ ಇನ್ನೂ ಇದ್ದಾಳೆ, ಅದೇ ಮನೆಯಲ್ಲಿ, ಕಣ್ಣು ಚೆನ್ನಾಗಿದೆ. ಸೊರಬದಿಂದ ಬಸ್ಸಿದೆ, ಇಳಿದು ಸ್ವಲ್ಪ ನಡೆಯಬೇಕು. ಕೇಳಿದರೆ ಪೆಟ್ಟಿಗೆಯಿಂದ ತೆಗೆದು ತೋರಿಸುತ್ತಾಳೆ, ಕೈಗೆ ಮಾತ್ರ ಕೊಡುವುದಿಲ್ಲ. ಹೊರಗೆ ಏಡನ್ನಿನ ಮುದ್ರೆಯಿದೆ, ಸೊರಬದ ಮುದ್ರೆಯಿದೆ, ಎರಡರಲ್ಲೂ ಇಸವಿ ಐವತ್ತೆಂಟು ಎಂದು ಓದಬಹುದು. ಅಕ್ಕ ಸತ್ತದ್ದು ಐವತ್ತೇಳರಲ್ಲಿ. ಮೇಲಿನ ಹೆಸರು ಭಾವನದು, ಅದನ್ನು ನೋಡಿ ನಿಲ್ಲಬಾರದು. ಬಿಡಿಸಿದ ಮೇಲೆ ಮೊದಲ ಸಾಲಿನಿಂದ ಓದಬೇಕು.