ಭಾವನವರು ಹತ್ತಿದ ವಿಮಾನ

ಪುಣೆಗೆ ಬಂದವರು ಫ್ಲ್ಯಾಟು ಕೊಳ್ಳುತ್ತಾರೆ, ಕಾರು ಕೊಳ್ಳುತ್ತಾರೆ. ಅಲ್ಲಿಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಗಂಡ ಮಾತ್ರ ಗೆಳೆಯರೊಡನೆ ಪಾಲು ಹಾಕಿ ತಮ್ಮ ಅಪ್ಪನ ವಯಸ್ಸಿನ ವಿಮಾನವೊಂದನ್ನು ಕೊಂಡರು. ಎರಡೇ ಸೀಟು, ರೆಕ್ಕೆಗೆ ಬಟ್ಟೆಯ ಹೊದಿಕೆ. ಹಾರಿಸಲು ಹಡಪಸರದ ಆಚೆ ಹುಲ್ಲಿನ ಮೋಟು ಓಡುಪಟ್ಟಿ. ಅದು ಮುಗಿಯುವಲ್ಲಿ ಯಾರದೋ ಕಬ್ಬು.

ಇಂಥ ವಿಮಾನಗಳು ಏಳುವಾಗಲೇ ಮುಗ್ಗರಿಸುವುದು ಹೆಚ್ಚು ಎಂದು ನನಗೆ ಪಾಠ ಹೇಳಿದವರೂ ಅವರೇ. ಭಾರ ಹೆಚ್ಚಾದರೆ ಏಳದು, ಹುಲ್ಲು ಹಸಿಯಿದ್ದರೆ ಓಡದು. ಅದಕ್ಕೇ ಪಟ್ಟಿಯ ನಡುವೆ, ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಗಾಲಿ ನೆಲ ಬಿಡದಿದ್ದರೆ ನಿಲ್ಲಿಸಿಬಿಡಬೇಕು. ಕೇಳಲು ಎಷ್ಟು ಚೆಂದ!

ಶ್ರಾವಣದಲ್ಲಿ ವಿಜಯಪುರದಿಂದ ಭಾವನವರು, ಎಂದರೆ ಗಂಡನ ಅಣ್ಣ, ಬಂದರು. ಒಳ್ಳೇ ಮನುಷ್ಯ, ಮೈಯೂ ಮನಸ್ಸಿನಷ್ಟೇ ಧಾರಾಳ. ಹೋಳಿಗೆ ಊಟ ಮುಗಿಸಿ ವಿಮಾನ ನೋಡಲು ಹೊರಟೆವು. ಮಳೆ ಆಗಷ್ಟೇ ನಿಂತಿತ್ತು. ಹುಲ್ಲಿನ ನೀರಿಗೆ ನನ್ನ ಸೀರೆಯ ಅಂಚು ಕಾಲಿಗೆ ಅಂಟಿತ್ತು. ನೋಡಲು ಬಂದ ಭಾವನವರು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು.

"ರೀ, ಭಾವನವರು ಭಾಳ ಭಾರ ಆಗ್ತಾರ. ಇವತ್ತ ಬ್ಯಾಡ್ರಿ," ಎಂದು ಗಂಡನ ಕಿವಿಯಲ್ಲಿ ಹೇಳಿದೆ.

"ಊರಿಂದ ಬಂದ ಅಣ್ಣಗ ಇಳೀರಿ ಅಂತ ಹೆಂಗ ಹೇಳ್ಲಿ? ನಿನಗರ ತಿಳೀತದೇನು?"

ಗಂಡ ಮುಂದಿನ ಸೀಟಿಗೆ ಹತ್ತಿದರು. ವಿಮಾನ ಓಡಿತು. ಎಮ್ಮೆ ಕೆಸರಿನಲ್ಲಿ ಓಡಿದ ಹಾಗೆ ಓಡಿತು. ಬಿಳಿ ಬಟ್ಟೆ ದಾಟಿತು. ಗಾಲಿ ಇನ್ನೂ ನೆಲದಲ್ಲೇ. "ನಿಂದ್ರಸ್ರೀ!" ಎಂದು ಚೀರಿದೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಒಂದು ಮೊಳ ಎದ್ದ ಹಾಗೆ ಮಾಡಿ, ಮತ್ತೆ ಕುಕ್ಕರಿಸಿ, ಕಬ್ಬಿನೊಳಗೆ ನುಗ್ಗಿ ಮೂಗೂರಿತು. ಆಮೇಲೆ ಸದ್ದೇ ಇಲ್ಲ. ಸೀರೆ ಎತ್ತಿ ಹಿಡಿದು ಓಡಿದೆ. ಕಬ್ಬಿನ ಗರಿ ಮುಖ ಕೊಯ್ದದ್ದೂ ತಿಳಿಯಲಿಲ್ಲ.

ಇಬ್ಬರೂ ಬದುಕಿದ್ದರು. ಗಂಡನ ಹಣೆ ಒಡೆದಿತ್ತು, ಭಾವನವರ ಕೈ ಮುರಿದಿತ್ತು. ಹೊಲದವನು "ಮಾಝಾ ಊಸ! ಮಾಝಾ ಊಸ!" ಎಂದು ತನ್ನ ಕಬ್ಬಿಗೆ ಅಳುತ್ತಲೇ ಪಾಪ, ಜೀಪು ತಂದ.

"ಬಟ್ಟಿ ದಾಟಿದ ಮ್ಯಾಲೂ ಯಾಕ ನಿಂದ್ರಸಲಿಲ್ರೀ?" ಎಂದೆ.

"ಅಣ್ಣ ಮೊದಲನೇ ಸಲ ಕೂತಾರ. ಅರ್ಧಕ್ಕ ನಿಂದ್ರಿಸಿದ್ರ ಏನ ತಿಳ್ಕೋತಾರೋ ಅಂತ..."

ಭಾವನವರು ನರಳುತ್ತ ಬಾಯಿಬಿಟ್ಟರು. "ಖರೇ ಹೇಳ್ಲೇನು? ನನಗ ವಿಮಾನ ಅಂದ್ರ ಮೊದಲಿಂದ ಅಂಜಿಕಿ. ಒಲ್ಲೆ ಅಂದ್ರ ನಿನ್ನ ಮನಸ್ಸಿಗೆ ನೋವಾಗ್ತದ ಅಂತ ಹತ್ತಿದೆ."

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಿದ್ದಳು ನನ್ನವ್ವ. ಇವರಿಬ್ಬರೂ ದಾಕ್ಷಿಣ್ಯಕ್ಕೆ ಸಾಯಲೇ ಹೊರಟಿದ್ದರು! ಸಿಟ್ಟಿಗೆ ಅಳು ಬಂತು.

ಜೀಪಿನ ಬಾಗಿಲು ತೆರೆದಿತ್ತು.

"ಅಣ್ಣಾ, ನೀವ ಮೊದಲ ಹತ್ರಿ," ಎಂದರು ಗಂಡ. ರಕ್ತ ಕಣ್ಣಿಗೆ ಇಳಿಯುತ್ತಿತ್ತು.

"ಏ, ನಿನ್ನ ಹಣಿ ನೋಡ್ಕೋ. ನೀ ಹತ್ತು ಮೊದಲ," ಎಂದರು ಭಾವನವರು, ಜೋತ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.

ಮದುವೆಯಾದಂದಿನಿಂದ ಭಾವನವರಿಗೆ ಒಂದೂ ಎದುರು ಮಾತು ಆಡದ ನಾನು, ಅವರ ಬೆನ್ನಿಗೆ ಎರಡೂ ಕೈ ಹಚ್ಚಿ ಜೀಪಿನೊಳಗೆ ದಬ್ಬಿದೆ.