ತಿಪ್ಪಣ್ಣಜ್ಜನ ದಾರಗಳು

ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ತಿಪ್ಪಣ್ಣಜ್ಜ ದಾರಗಳ ಮೇಲೆ ಕೈಯಾಡಿಸುತ್ತಿದ್ದರು. ಮೊಳಕಾಲ್ಮೂರಿನ ನಮ್ಮ ಬೀದಿಯ ತುದಿಯಲ್ಲಿ ಅವರ ಬಣ್ಣದ ಮನೆ. ಒಲೆಯ ಮೇಲೆ ಒಂದೇ ಒಂದು ತಾಮ್ರದ ಹಂಡೆ, ಗೋಡೆಗೆ ಅಡ್ಡಲಾಗಿ ಕಟ್ಟಿದ ಬಿದಿರು, ಅದರ ತುಂಬ ಇಳಿಬಿದ್ದ ದಾರಗಳು. ಗಿರಾಕಿಗೊಂದು ದಾರ. ನೇಕಾರರು ತಂದ ರೇಷ್ಮೆಗೆ ಬಣ್ಣ ಹಾಕಿದಾಗಲೆಲ್ಲ ಅದರಿಂದ ಸಣ್ಣದೊಂದು ಕುಚ್ಚು ತೆಗೆದು ಅವರವರ ದಾರಕ್ಕೆ ಕಟ್ಟುವರು. ಮುಂದಿನ ಸಲ ಅದೇ ಬಣ್ಣ ಕೇಳಿದರೆ ಹೊಂದಿಸಿ ನೋಡಲು. ಅಮಾವಾಸ್ಯೆ ಬಂದರೆ ಪ್ರತಿಯೊಂದು ದಾರಕ್ಕೂ ಚಳ್ಳಕೆರೆ ಕಂಬಳಿಯ ಕರಿ ಉಣ್ಣೆಯ ಎಳೆಯೊಂದನ್ನು ಸುತ್ತುವರು. ಎರಡು ಕರಿ ಎಳೆಗಳ ನಡುವೆ ಎಷ್ಟು ಕುಚ್ಚುಗಳಿವೆಯೋ, ಆ ಗಿರಾಕಿ ಆ ತಿಂಗಳು ಅಷ್ಟು ಸಲ ಬಂದಿದ್ದಾನೆ ಎಂದು ಲೆಕ್ಕ.

ಅಜ್ಜನಿಗೆ ಓದು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಏಳು ಮಗ್ಗ; ಅಪ್ಪನೂ ಅವರ ಗಿರಾಕಿ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಬಂದಾಗ ಅವರ ಜಗಲಿಯ ಮೇಲೆ ಕೂರುತ್ತಿದ್ದೆ. ಹೆಚ್ಚು ಮಾತನಾಡದೆ ಕೂರಬಹುದಾಗಿದ್ದ ಜಾಗ ಅದು.

"ಗಿರಾಕಿ ಬಾಯಿ ನಂಬಬ್ಯಾಡ ಕಣವ್ವಾ, ದಾರ ನಂಬು" ಎನ್ನುವರು. "ಜಗಳ ಆಡೋನು ಎಲ್ಲಿಗೂ ಹೋಗಲ್ಲ. ಸುಮ್ಕಾದ್ನಾ, ಹೊಂಟ ಅಂತ್ಲೇ ತಿಳ್ಕೋ."

ಒಮ್ಮೆ ಬೊಮ್ಮಣ್ಣನೆಂಬ ನೇಕಾರರ ದಾರದಲ್ಲಿ ಎರಡು ಕರಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದೂ ಕುಚ್ಚಿಲ್ಲ. ಅಜ್ಜ ಕೊಡೆ ಹಿಡಿದು ಅವರ ಮನೆಗೆ ಹೋದರು. ಹಿಂದಿನ ಸಲ ಹಾಕಿದ ಕೆಂಪು ಬಣ್ಣ ಬಿಟ್ಟುಕೊಂಡು ಸೀರೆಯ ಬಿಳಿ ಒಡಲಿಗೆ ಹತ್ತಿತ್ತು. ಹಿರಿಯರಿಗೆ ಹೇಗೆ ಹೇಳುವುದೆಂದು ಬೊಮ್ಮಣ್ಣ ಸುಮ್ಮನಿದ್ದರಂತೆ. "ಬಂದು ಎರಡು ಮಾತು ಬೈದು ಹೋಗಬಾರದೇನ್ಲೇ? ನಿನ್ನ ಮರ್ಯಾದೆ ನನ್ನ ಒಲೆ ಆರಿಸ್ತೈತೆ" ಎಂದು ಅಜ್ಜನೇ ಬೈದು, ಅಷ್ಟೂ ರೇಷ್ಮೆಗೆ ಮತ್ತೆ ಬಣ್ಣ ಹಾಕಿಕೊಟ್ಟರು. ಬೊಮ್ಮಣ್ಣ ಮತ್ತೆ ಬರತೊಡಗಿದರು.

ನನ್ನ ಕೊನೆಯ ವರ್ಷದ ಬೇಸಿಗೆ ರಜೆಯ ಹೊತ್ತಿಗೆ ಊರಾಚೆ ಬಾಯ್ಲರ್ ಇಟ್ಟ ಹೊಸ ಬಣ್ಣದ ಮನೆಯೊಂದು ಬಂದಿತ್ತು. ಅಜ್ಜ ಮಾತ್ರ ಹುರುಪಿನಲ್ಲಿದ್ದರು. ಬಿದಿರಿನಿಂದ ಒಂದು ದಾರ ಎತ್ತಿ ನನ್ನ ಮುಂದೆ ಹಿಡಿದರು.

"ನಿಮ್ಮಪ್ಪಂದು ನೋಡವ್ವಾ. ಮೊದ್ಲು ತಿಂಗಳಿಗೆ ಆರು ಕುಚ್ಚು. ಈ ತಿಂಗಳು ಹದಿನಾಕು! ಈ ಒಂದು ಹಂಡ್ಯಾಗೆ ಇನ್ನು ಆಗಂಗಿಲ್ಲ. ಶುಕ್ರವಾರ ನನ್ನಿವಾಳದಿಂದ ಎಮ್ಮೆ ಯಾಪಾರದೋನು ಬರ್ತಾನೆ. ಎರಡೂ ಎಮ್ಮೆ ಕೊಟ್ಟು ಇನ್ನೊಂದು ಹಂಡೆ ತರ್ತೀನಿ."

ಹದಿನಾಲ್ಕೂ ಬೇರೆ ಬೇರೆ ಬಣ್ಣ. ಹಿಂದಿನ ದಿನವಷ್ಟೇ ನಮ್ಮ ಮನೆಯ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ನೋಡಿದ್ದೆ. ಪುಟಕ್ಕೊಂದರಂತೆ ರೇಷ್ಮೆ ಎಳೆ ಅಂಟಿಸಿ, ಕೆಳಗೆ ಅಪ್ಪನ ಅಕ್ಷರದಲ್ಲಿ ಹೆಸರು: ಗಿಣಿ ಹಸಿರು, ಕುಂಕುಮ, ನೇರಳೆ. ಮೊದಲೆಲ್ಲ ಸೈಕಲ್ಲಿನ ಹಿಂದೆ ಗಂಟು ಕಟ್ಟಿ ರೇಷ್ಮೆ ಒಯ್ಯುತ್ತಿದ್ದ ಅಪ್ಪ ಈಗ ಹೆಗಲ ಚೀಲದಲ್ಲಿ ಒಯ್ಯುತ್ತಿದ್ದರು. ಅವರ ಕೆಲಸ ಹೆಚ್ಚಿರಲಿಲ್ಲ. ಅಜ್ಜನ ಬಣ್ಣಗಳನ್ನೆಲ್ಲ ಒಂದೊಂದಾಗಿ ಮಾದರಿಗೆ ಕೂಡಿಸುತ್ತಿದ್ದರು, ಹೊಸ ಮನೆಯವರಿಗೆ ಕೊಡಲು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು.

"ಅಜ್ಜ ಕೊಡಾಕೆ ನಾಕು ದಿನ ಬೇಕು. ಅಲ್ಲಿ ಒಂದೇ ದಿನಕ್ಕೆ ಆಗ್ತೈತೆ. ಏಳು ಮಗ್ಗ ಖಾಲಿ ಕುಂತ್ರೆ ನೇಯೋರಿಗೆ ಏನು ಹೇಳ್ಲಿ? ನೀನು ಬಾಯಿ ಬಿಡಬ್ಯಾಡ, ನೋಡು."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಅಂದು ಮಂಗಳವಾರ. ಬುಧವಾರವಿಡೀ ಮನೆಯಿಂದ ಹೊರಗೆ ಹೋಗಲಿಲ್ಲ. ಅಜ್ಜನ ಹಿತ್ತಲಿನ ಎಮ್ಮೆಗಳ ಸದ್ದು ನಮ್ಮ ಕಿಟಕಿಗೆ ಕೇಳುತ್ತಿತ್ತು.

ಗುರುವಾರ ಬೆಳಗ್ಗೆ ಹೋಗಿ ಒಂದೇ ಮಾತು ಹೇಳಿದೆ. "ಅಜ್ಜ, ಕುಚ್ಚು ಎಷ್ಟು ಸಲ ಬಂದ್ರು ಅಂತ ಹೇಳ್ತೈತೆ. ಎಷ್ಟು ತೂಕ ತಂದ್ರು ಅಂತ ಹೇಳಲ್ಲ. ಅರ್ಧ ಕೆಜಿಗೊಂದು ಗಂಟು ಹಾಕಿ ನೋಡೋಣ್ವಾ?"

ಅವರಿಗೆ ಅದು ಆಟದಂತೆ ಕಂಡಿತು. ಪ್ರತಿ ಕುಚ್ಚನ್ನೂ ಹೆಬ್ಬೆರಳಲ್ಲಿ ತಿಕ್ಕಿ ತೂಕ ಹೇಳುವರು. ಬಣ್ಣದ ಪುಡಿಯನ್ನು ತೂಕಕ್ಕೆ ತಕ್ಕಂತೆ ಹಾಕುವವರಾದ್ದರಿಂದ ಎಲ್ಲವೂ ನೆನಪಿತ್ತು. ನಾನು ಕುಚ್ಚಿನ ಪಕ್ಕ ಗಂಟು ಹಾಕುತ್ತಾ ಹೋದೆ. ಬಿ.ಜಿ. ಕೆರೆಯ ಓಬಮ್ಮನ ದಾರದಲ್ಲಿ ತಿಂಗಳಿಗೆ ಮೂರೇ ಕುಚ್ಚು, ಆದರೆ ಒಂದೊಂದಕ್ಕೂ ಆರಾರು ಗಂಟು. ಮೂರು ತಿಂಗಳ ಹಿಂದೆ ಎರಡೆರಡಿದ್ದವು. "ಅರೆ, ಈಯಮ್ಮ ಇಷ್ಟು ತರ್ತಾಳಾ!" ಎಂದು ಅಜ್ಜ ನಕ್ಕರು. ನಮ್ಮ ಮನೆಯ ದಾರವನ್ನು ನಾನು ಕೊನೆಗೆ ಉಳಿಸಿದ್ದೆ.

"ಕಾಲು ಕೆಜಿ" ಎಂದರು. ಅರ್ಧ ಕೆಜಿಯೂ ಇಲ್ಲ, ಗಂಟು ಹಾಕುವಂತಿರಲಿಲ್ಲ. "ಇದೂ ಕಾಲು. ಸೀರೆ ಅಂಚಿಗೆ ಅಂದಿದ್ದ. ಇದು ಕಾಲು... ಇದೂನು..."

ಐದನೆಯದಕ್ಕೆ ಅವರ ಹೆಬ್ಬೆರಳು ನಿಂತಿತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಉಳಿದವೂ ಕಾಲು ಕಾಲೇ. ಹದಿನಾಲ್ಕು ಕುಚ್ಚು, ಒಂದೂ ಗಂಟಿಲ್ಲ. ಹಾಗೆಯೇ ಮೇಲಕ್ಕೆ, ಹಿಂದಿನ ತಿಂಗಳುಗಳ ಆರಾರು ಕುಚ್ಚುಗಳ ಕಡೆಗೆ ಬೆರಳು ಸರಿಸಿದರು. ಅಲ್ಲಿ ಪ್ರತಿಯೊಂದಕ್ಕೂ ಎಂಟೆಂಟು ಗಂಟು ಬೀಳುವಷ್ಟು ತೂಕವಿತ್ತು. ಕೈಗೆ ಗೊತ್ತಿದ್ದದ್ದನ್ನು ಕಣ್ಣು ಅಷ್ಟು ದಿನ ಒಪ್ಪಿರಲಿಲ್ಲ.

"ನಿಮ್ಮಪ್ಪ ಈ ಮಧ್ಯೆ ಬಣ್ಣಕ್ಕೆ ಜಗಳಾನೇ ಆಡಿಲ್ಲ ಕಣವ್ವಾ" ಎಂದರು ನಿಧಾನವಾಗಿ. ನನ್ನ ಮುಖ ನೋಡಲಿಲ್ಲ.

ಶುಕ್ರವಾರ ಬಂದ ವ್ಯಾಪಾರಿಗೆ "ಎಮ್ಮೆ ಗಬ್ಬ ಐತೆ, ಕೊಡಲ್ಲ ಹೋಗಪ್ಪಾ" ಎಂದು ಹೇಳಿ ಕಳಿಸಿದ್ದು ಬೀದಿಗೆಲ್ಲ ಕೇಳಿತು. ಸಂಜೆ ನಮ್ಮ ಮನೆಗೇ ಬಂದರು. ಕಾಗದದ ಪೊಟ್ಟಣವನ್ನು ಅಪ್ಪನ ಕೈಗಿಟ್ಟರು. ಒಳಗೆ ನಾಲ್ಕು ಕುಚ್ಚು.

"ನನ್ನವು ಹದಿನೆಂಟು ಬಣ್ಣ. ನಿನಗೆ ನಾಕು ಉಳಿದಿದ್ವು. ಇವಕ್ಕೂ ಯಾಕಪ್ಪಾ ಕಾಲು ಕಾಲು ಕೆಜಿ ಹೊತ್ಕೊಂಡು ಬರ್ತೀಯಾ? ತಗೋ."

ಅವ್ವ ಒಳಗಿಂದ "ಕಾಫಿ ಕುಡ್ದು ಹೋಗ್ರಿ" ಎಂದಳು. ಅಜ್ಜ ಕೂತರು, ಪೂರ್ತಿ ಕುಡಿದರು, ಲೋಟ ಕೆಳಗಿಟ್ಟು ಹೋದರು.

"ನೀನೇನಾ ಹೇಳಿದ್ದು?" ಅಪ್ಪ ಕೇಳಿದರು.

"ನಾನು ತೂಕ ಕೇಳಿದೆ, ಅಷ್ಟೆ."

ಅಪ್ಪ ಆ ರಜೆ ಮುಗಿಯುವವರೆಗೂ ನನ್ನೊಡನೆ ಮಾತನಾಡಲಿಲ್ಲ. ಮುಂದಿನ ತಿಂಗಳಿಂದ ನಮ್ಮ ರೇಷ್ಮೆಯೆಲ್ಲ ಹೊಸ ಬಣ್ಣದ ಮನೆಗೇ ಹೋಯಿತು.

ಅಜ್ಜ ಬಿ.ಜಿ. ಕೆರೆಯ ಬಸ್ಸು ಹತ್ತಿದರು. ಓಬಮ್ಮ ಒಂದು ಮಗ್ಗದಿಂದ ಮೂರಕ್ಕೆ ಬಂದಿದ್ದಳು. ಬಣ್ಣ ಬಿಟ್ಟು ಕೈಗೆ ಹತ್ತದಂಥ ಕಪ್ಪನ್ನು ಯಾರಲ್ಲಿ ಕೇಳುವುದೆಂದು ನೋಡುತ್ತಿದ್ದಳಂತೆ. ಅಜ್ಜ ಹಾಕಿಕೊಟ್ಟ ಆ ಕಪ್ಪಿನ ಮೇಲೆಯೇ ಒಂದು ಹಂಡೆಯ ಬಣ್ಣದ ಮನೆ ಮುಂದೆಯೂ ನಡೆಯಿತು. ಗಂಟು ಹಾಕುವುದನ್ನು ಅವರು ಬಿಡಲಿಲ್ಲ.

ಚಿತ್ರದುರ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ, ಮೊದಲ ಸಂಬಳದಲ್ಲಿ ಅವ್ವನಿಗೆ ಒಂದು ಸೀರೆಗಾಗುವಷ್ಟು ರೇಷ್ಮೆ ಕೊಂಡು ಅಜ್ಜನಿಗೆ ಕೊಟ್ಟೆ. ಈರುಳ್ಳಿ ಸಿಪ್ಪೆಯ ಬಣ್ಣ ಹೇಳಿದ್ದೆ. ತೆಗೆದುಕೊಳ್ಳಲು ಹೋದ ದಿನ ಬಿಸಿಲಿಗೆ ಹಿಡಿದು ನೋಡಿ, "ಒಂಚೂರು ಗಾಢ ಆಗೈತಲ್ಲ ಅಜ್ಜ" ಎಂದೆ.

ಅವರ ಮುಖ ಅರಳಿತು. "ಹಾಂ, ಆಡು, ಇನ್ನೊಂದೀಟು ಜಗಳ ಆಡು!"

ನಮ್ಮ ಮನೆಯ ದಾರ ಬಿದಿರಿನಲ್ಲಿ ಇನ್ನೂ ಇತ್ತು. ಆ ಹದಿನಾಲ್ಕರ ಕೆಳಗೆ ಕುಚ್ಚಿಲ್ಲದೆ, ಬರೀ ಕರಿ ಎಳೆಗಳು ಒಂದರ ಕೆಳಗೊಂದು. ನಾನು ಅದರತ್ತ ಕೈ ಚಾಚಿದೆ. "ಅದು ನಿಮ್ಮಪ್ಪಂದು" ಎಂದು ತಡೆದು, ಹೊಸದೊಂದು ದಾರ ಎಳೆದು, ಕುಚ್ಚು ಕಟ್ಟಿ, ಪಕ್ಕಕ್ಕೊಂದು ಗಂಟು ಹಾಕಿದರು. "ಇದು ನಿಂದು."

ಮನೆಯಲ್ಲಿ ಅಪ್ಪ ಆ ಬಣ್ಣ ನೋಡಿದರು. ಎಲ್ಲಿ ಹಾಕಿಸಿದ್ದೆಂದು ಕೇಳಲಿಲ್ಲ. ಆ ಸೀರೆಗೆ ತಾವೇ ಮಗ್ಗಕ್ಕೆ ಕೂತರು.

ಮುಂದಿನ ಅಮಾವಾಸ್ಯೆಯೊಳಗೆ ಅಜ್ಜ ತೀರಿಕೊಂಡರು. ಬಿದಿರು ಇಳಿಸಿದ ದಿನ ಅವರ ಸೊಸೆ ನನ್ನ ದಾರವನ್ನು ಕೈಗಿಟ್ಟಳು. ಒಂದು ಕುಚ್ಚು, ಒಂದು ಗಂಟು. ಕೆಳಗೆ ಕರಿ ಎಳೆ ಬಿದ್ದಿಲ್ಲ. ಒಂದೇ ಸಲ ಬಂದವರು ಉಳಿಯುತ್ತಾರೋ ಹೋಗುತ್ತಾರೋ ಎಂದು ಯಾವ ಲೆಕ್ಕದಿಂದಲೂ ಹೇಳಲು ಬರುವುದಿಲ್ಲ; ತರಗತಿಯಲ್ಲಿ ನಾನು ಹಾಗೆಯೇ ಪಾಠ ಮಾಡುತ್ತೇನೆ.